ಕ್ಯೂಬಿಸಂ ಮುಖಕ್ಕೆ ಪೋಸ್ಟರ್ ಕಲರ್, ಆಯಿಲ್ ಪೇಸ್ಟಲ್, ಜೆರಾಕ್ಸ್: ಮೂರನ್ನೂ ಮಾಡಿಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡು ರೂಪಾಯಿಯ ಜೆರಾಕ್ಸ್‌ಗೆ. ಪೋಸ್ಟರ್ ಕಲರ್‌ಗೆ ಸ್ವಂತ ದುಡ್ಡು ಸುರಿದು ಬುದ್ಧಿ ಕಲಿತವನು ನಾನು.

ಮಂಡ್ಯದ ಹತ್ತಿರ ಒಂದು ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಈ ವರ್ಷ ಎಂಟನೇ ಕ್ಲಾಸಿನ ಮೂರು ಸೆಕ್ಷನ್‌ಗೂ ಒಂದೇ ಪಾಠ ಕೊಟ್ಟೆ: ನಿಮ್ಮ ಮುಖವನ್ನು ನೀವೇ ಕ್ಯೂಬಿಸಂ ಥರ, ಅಂದ್ರೆ ಕಂಡದ್ದನ್ನು ತುಂಡು ತುಂಡು ಮಾಡಿ ಜೋಡಿಸುವ ಚಿತ್ರಶೈಲಿಯಲ್ಲಿ ಮಾಡಿ. ಸೆಕ್ಷನ್‌ಗೊಂದು ಸಾಮಾನು.

ಎ ಸೆಕ್ಷನ್‌ಗೆ ಪೋಸ್ಟರ್ ಕಲರ್. ಮೈಸೂರಿಗೆ ಹೋದಾಗ ದೊಡ್ಡ ಬಾಟಲಿಗಳನ್ನೇ ಹೊತ್ತು ತಂದಿದ್ದೆ. ಕ್ಯೂಬಿಸಂ ಮುಖ ಅಂದ್ರೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ತುಂಡುಗಳು, ಅಲ್ವಾ? ಒಂದು ತುಂಡು ಒಣಗದೆ ಪಕ್ಕದ್ದಕ್ಕೆ ಬ್ರಷ್ ಇಡುವ ಹಾಗಿಲ್ಲ. ಪೀರಿಯಡ್ ಇರೋದೇ ನಲವತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ನಲ್ಲಿ ಹತ್ತಿರ ನೀರಿಗೆ ಹೋಯಿತು. ಹಸಿರು ಕೆನ್ನೆ ಹಳದಿ ಮೂಗಿಗೆ ಹರಿಯಿತು. ಒಣಗಲಿ ಅಂತ ಫ್ಯಾನ್ ಹಾಕಿದರೆ ಹಾಳೆಗಳು ಹಾರಿ, ಬಣ್ಣದ ಕಡೆಯೇ ನೆಲಕ್ಕೆ ಬಿದ್ದವು. ಬೆಲ್ ಹೊಡೆದ ಗಡಿಬಿಡಿಯಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಬೀರುವಿನಲ್ಲಿಟ್ಟೆ. ಮುಂದಿನ ವಾರ ಬಿಡಿಸಿದಾಗ ಒಬ್ಬನ ಮೀಸೆ ಇನ್ನೊಬ್ಬನ ಹಣೆಗೆ ಬಂದಿತ್ತು.

ಅದೂ ಹೋಗಲಿ. ನಿಜವಾದ ತೊಂದರೆ ಬೇರೆ. ಎಲ್ಲರೂ ಮಾಮೂಲಿ ಮುಖ ಬರೆದು, ಅದರ ಮೇಲೆ ಸ್ಕೇಲಿಟ್ಟು ನಾಲ್ಕು ಗೆರೆ ಎಳೆದು, ಮನೆಗೊಂದು ಬಣ್ಣ ತುಂಬಿದರು. ಒಡೆದ ಕನ್ನಡಿ ಆಯಿತು, ಕ್ಯೂಬಿಸಂ ಆಗಲಿಲ್ಲ. ಈ ಶೈಲಿ ಶುರು ಮಾಡಿದ ಪಿಕಾಸೊ, ಬ್ರಾಕ್ ಸುಮ್ನೆ ಮುಖ ಒಡೆದವರಲ್ಲ. ಎದುರಿಂದ ಕಂಡದ್ದು, ಪಕ್ಕದಿಂದ ಕಂಡದ್ದು ಎರಡನ್ನೂ ಒಂದೇ ಚಿತ್ರದಲ್ಲಿ ಕೂರಿಸಿದರು. ಅದನ್ನು ಬೋರ್ಡ್ ಮೇಲೆ ಎಷ್ಟು ಹೇಳಿದರೂ ಮಕ್ಕಳಿಗೆ ಹತ್ತಲಿಲ್ಲ.

ಬಿ ಸೆಕ್ಷನ್‌ಗೆ ಆಯಿಲ್ ಪೇಸ್ಟಲ್. ನೀರಿಲ್ಲ, ಬ್ರಷ್ ತೊಳೆಯೋದಿಲ್ಲ, ಪರವಾಗಿಲ್ಲ. ಬಣ್ಣದ ಮೇಲೆ ಮಾರ್ಕರ್ ಎಳೆದರೆ ಮಾತ್ರ ಮೇಣ ಹಿಡಿದು ಮೂತಿ ಕಟ್ಟಿಕೊಳ್ಳುತ್ತದೆ, ಕಪ್ಪು ಗೆರೆ ಮೊದಲೇ ಹಾಕಿಸಿ. ಇಲ್ಲೂ ಅದೇ ಸ್ಕೇಲಿನ ಗೆರೆಗಳೇ ಬಂದವು ಅನ್ನಿ.

ಸಿ ಸೆಕ್ಷನ್‌ಗೆ ಜೆರಾಕ್ಸ್. ಪ್ರತಿಯೊಬ್ಬರ ಎರಡು ಫೋಟೋ ತೆಗೆದೆ, ಎದುರಿಂದ ಒಂದು, ಪಕ್ಕದಿಂದ ಒಂದು. ಅಂಗಡಿಯಲ್ಲಿ ಕಪ್ಪು ಬಿಳುಪು ಪ್ರಿಂಟ್, ಒಬ್ಬರಿಗೆ ನಾಲ್ಕು ರೂಪಾಯಿ. (ಲೇಸರ್ ಪ್ರಿಂಟೇ ಕೇಳಿ, ಇಂಕ್‌ಜೆಟ್ ಆದರೆ ಗೋಂದಿನ ತೇವಕ್ಕೆ ಶಾಯಿ ಹರಡುತ್ತದೆ.) ಪಕ್ಕದ ಫೋಟೋದ ಮೂಗು ಕತ್ತರಿಸಿ ಎದುರಿನ ಮುಖಕ್ಕೆ ಇಟ್ಟ ಒಬ್ಬ ಹುಡುಗ, ಅಂಟಿಸುವ ಮೊದಲೇ ನಗೋಕೆ ಶುರು ಮಾಡಿದ. 'ಸಾರ್, ಇದು ನಮ್ಮ ತಾತನ ಮೂಗು!' ಪಕ್ಕದಿಂದ ತನ್ನ ಮೂಗನ್ನು ಅವನು ಅಲ್ಲಿವರೆಗೆ ನೋಡೇ ಇರಲಿಲ್ಲ. ಎರಡು ವಾರ ನಾನು ಬೋರ್ಡ್ ಮೇಲೆ ಒದರಿದ ಪಾಠ ಅವನಿಗೆ ಆ ಕ್ಷಣದಲ್ಲಿ ಅರ್ಥವಾಯಿತು.

ಒಬ್ಬ ಹುಡುಗಿ ಮಾತ್ರ ಕತ್ತರಿ ಮುಟ್ಟಲಿಲ್ಲ. 'ಫೋಟೋ ಕತ್ತರಿಸಬಾರದಂತೆ, ನಮ್ಮಜ್ಜಿ ಬೈತಾರೆ.' ಬಲವಂತ ಮಾಡಲಿಲ್ಲ. ಕಿಟಕಿ ಗಾಜಿಗೆ ಪ್ರಿಂಟ್ ಹಿಡಿದು, ಮೇಲೆ ಬಿಳಿ ಹಾಳೆ ಇಟ್ಟು ತಿದ್ದಿಕೊಂಡಳು, ಆ ಹಾಳೆಯನ್ನು ಕತ್ತರಿಸಿದಳು.

ಬಣ್ಣ ಇಲ್ಲವಲ್ಲ ಅಂತ ಸ್ಟಾಫ್ ರೂಮಲ್ಲಿ ಕೇಳಿದರು. ಪಿಕಾಸೊ 1910ರಲ್ಲಿ ಬರೆದ, ತನ್ನ ಚಿತ್ರಗಳನ್ನು ಮಾರುತ್ತಿದ್ದ ವ್ಯಾಪಾರಿ ಕಾನ್‌ವೈಲರ್‌ನ ಚಿತ್ರ ನೋಡಿ, ಪೂರ್ತಿ ಕಂದು, ಬೂದಿ ಬಣ್ಣವೇ. 1912ರಲ್ಲಿ ಬ್ರಾಕ್, ಪಿಕಾಸೊ ಇಬ್ಬರೂ ಕಾಗದ ಕತ್ತರಿಸಿ ಅಂಟಿಸಿಯೂ ಚಿತ್ರ ಮಾಡಿದರು. ತೀರಾ ಆಸೆಯಾದರೆ ಮೇಲೆ ಎರಡು ಬಣ್ಣದ ಪೇಸ್ಟಲ್ ಉಜ್ಜಿಸಿ, ಸಾಕು.

ನಲವತ್ತು ಮಕ್ಕಳು, ನಲವತ್ತು ನಿಮಿಷ, ನನ್ನದೇ ಜೇಬು. ಮುಂದಿನ ವರ್ಷ ಮೂರೂ ಸೆಕ್ಷನ್‌ಗೆ ಜೆರಾಕ್ಸೇ. ಮುಕ್ಕಾಲು ತುಂಬಿದ ಬಾಟಲಿಗಳು ಇನ್ನೂ ಬೀರುವಿನಲ್ಲಿವೆ, ಸ್ಕೂಲ್ ಡೇ ಬೋರ್ಡ್ ಬರೆಯೋಕೆ ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ.