ಬಳ್ಳಾರಿಯ ಪೆಟ್ ಸ್ಕ್ಯಾನ್ ಕೇಂದ್ರ: ಚಿತ್ರ ಸುಧಾರಿಸಿದೆ, ವರದಿ ಸುಧಾರಿಸಬೇಕು

ವಿಕಿರಣಶೀಲ ಔಷಧ ಚುಚ್ಚಿ ಕ್ಯಾನ್ಸರ್ ಇರುವ ಜಾಗವನ್ನು ಚಿತ್ರಿಸುವ ಬಳ್ಳಾರಿಯ ಖಾಸಗಿ ಪೆಟ್-ಸಿಟಿ ಕೇಂದ್ರವೊಂದಕ್ಕೆ ಕ್ಯಾನ್ಸರ್ ರೋಗಿಗಳನ್ನು ಕಳುಹಿಸುತ್ತ ಬಂದಿರುವ ವೈದ್ಯನಾಗಿ, ಅಲ್ಲಿ ಚಿತ್ರ ಮರುರಚನೆಯ (ಯಂತ್ರದ ಎಣಿಕೆಗಳಿಂದ ಚಿತ್ರ ಕಟ್ಟುವ) ತಂತ್ರಾಂಶ ಬದಲಾದ ಮೇಲೆ ಕಂಡ ವ್ಯತ್ಯಾಸವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಈ ಭಾಗದಲ್ಲಿ ಪೆಟ್ ಸ್ಕ್ಯಾನಿಗೆ ಮೊದಲ ತೊಡಕು ದೂರ. ರೋಗಿಗೆ ಚುಚ್ಚುವ ವಿಕಿರಣಶೀಲ ಸಕ್ಕರೆಯಾದ ಎಫ್‌ಡಿಜಿಯಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಕಾಲ) ಸುಮಾರು 110 ನಿಮಿಷವಾದ್ದರಿಂದ, ಬೆಂಗಳೂರಿನಿಂದ ಅದನ್ನು ಹೊತ್ತು ಹೊರಟ ಗಾಡಿ ಐದೂವರೆ ಗಂಟೆ ತೆಗೆದುಕೊಂಡರೆ ಅದರ ವಿಕಿರಣದಲ್ಲಿ ಎಂಟರಲ್ಲೊಂದು ಪಾಲು ಮಾತ್ರ ಇಲ್ಲಿಗೆ ಮುಟ್ಟುತ್ತದೆ. ಗಾಡಿ ತಡವಾದ ದಿನ ಸರದಿಯ ಕೊನೆಯ ರೋಗಿಗೆ ಸಿಗುವ ಪ್ರಮಾಣ ಇನ್ನೂ ತಗ್ಗುತ್ತದೆ. ಈ ಔಷಧದಿಂದಾಗಿ ದೇಹದಿಂದ ಎದುರುಬದುರಾಗಿ ಚಿಮ್ಮುವ 511 ಕೆಇವಿ ಶಕ್ತಿಯ ಗಾಮಾ ಕಿರಣಗಳನ್ನು ಜೋಡಿ ಜೋಡಿಯಾಗಿ ಎಣಿಸಿಯೇ ಯಂತ್ರ ಚಿತ್ರ ಕಟ್ಟಬೇಕು. ಎಣಿಕೆ ಕಾಲುಭಾಗಕ್ಕಿಳಿದರೆ ಗದ್ದಲ (ಚಿತ್ರದಲ್ಲಿನ ಕಾಳುಕಾಳಾದ ಏರಿಳಿತ) ಇಮ್ಮಡಿಯಾಗುತ್ತದೆ. ಅಂಥ ದಿನಗಳ ಹಳೆಯ ಚಿತ್ರಗಳಲ್ಲಿ ಯಕೃತ್ತು ಜೋಳದ ನುಚ್ಚು ಚೆಲ್ಲಿದಂತೆ ಕಾಣುತ್ತಿತ್ತು.

1994ರಲ್ಲಿ ಪ್ರಕಟವಾದ ಓಸೆಮ್ ಎಂಬ ಹಳೆಯ ಮರುರಚನೆ ವಿಧಾನದಲ್ಲಿ ಲೆಕ್ಕದ ಸುತ್ತುಗಳು ಹೆಚ್ಚಿದಷ್ಟೂ ಗದ್ದಲವೂ ಹೆಚ್ಚುವುದರಿಂದ, ಅದನ್ನು ಬೇಗ ನಿಲ್ಲಿಸಿ ಚಿತ್ರವನ್ನು ಮಸುಕುಗೊಳಿಸುವುದು ವಾಡಿಕೆ; ಆ ಮಸುಕಿನಲ್ಲಿ ಸಣ್ಣ ದುಗ್ಧಗ್ರಂಥಿಗಳು ಕರಗಿಬಿಡುತ್ತವೆ. ಈಗಿನ ತಂತ್ರಾಂಶ ಅಕ್ಕಪಕ್ಕದ ಬಿಂದುಗಳ ಅನಗತ್ಯ ಏರಿಳಿತಕ್ಕೆ ಲೆಕ್ಕದೊಳಗೇ ದಂಡ ಹಾಕುವುದರಿಂದ, ಸುತ್ತುಗಳನ್ನು ಕೊನೆಯವರೆಗೆ ನಡೆಸಬಹುದು. ದಂಡದ ಪ್ರಮಾಣವಾದ ಬೀಟಾವನ್ನು ಅತಿಯಾಗಿ ಏರಿಸಿದರೆ ಮತ್ತೆ ಗ್ರಂಥಿ ಮರೆಯಾಗುತ್ತದೆ. ಇಲ್ಲಿನ ತಂತ್ರಜ್ಞರು ಅದನ್ನು ಎಚ್ಚರದಿಂದ ಆರಿಸುತ್ತಾರೆ. ಸ್ಥೂಲಕಾಯದ ರೋಗಿಗಳಲ್ಲಿ ಪ್ರತಿ ಬೆಡ್‌ನ (ಒಂದು ಸಲಕ್ಕೆ ಸ್ಕ್ಯಾನ್ ಆಗುವ ದೇಹಭಾಗದ) ಸಮಯವನ್ನೂ ಹೆಚ್ಚಿಸುತ್ತಾರೆ. ಯಾವ ತಂತ್ರಾಂಶವೂ ಎಣಿಕೆಗೆ ಬದಲಿಯಾಗದು ಎಂಬುದನ್ನು ಬಲ್ಲವರ ಕೆಲಸವಿದು.

ನನ್ನ ಆಕ್ಷೇಪವಿರುವುದು ವರದಿಯ ಬಗ್ಗೆ. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಚಿಕಿತ್ಸೆಯಲ್ಲಿದ್ದ ಸಿರುಗುಪ್ಪ ಕಡೆಯ ರೋಗಿಯೊಬ್ಬರ ಕತ್ತಿನ ಪುಟ್ಟ ಗ್ರಂಥಿಯ ಎಸ್‌ಯುವಿ (ಔಷಧ ಹೀರಿಕೆಯ ಅಳತೆ) ಏರಿದೆ, ಡೋವಿಲ್ ಅಂಕ 4 (ಐದು ಅಂಕಗಳ ಮಾಪಕದಲ್ಲಿ ಯಕೃತ್ತಿಗಿಂತ ಹೆಚ್ಚು ಹೀರಿಕೆ) ಎಂದು ಬರೆದಿತ್ತು. ಹಿಂದಿನ ಸ್ಕ್ಯಾನ್ ಓಸೆಮ್‌ನಲ್ಲಿ, ಇದು ಹೊಸ ವಿಧಾನದಲ್ಲಿ ಆಗಿತ್ತು. ಹೊಸ ವಿಧಾನದಲ್ಲಿ ಸಣ್ಣ ಗ್ರಂಥಿಯ ಗರಿಷ್ಠ ಮೌಲ್ಯ ಏರುತ್ತದೆ, ಯಕೃತ್ತಿನ ಸರಾಸರಿ ಹೆಚ್ಚು ಕದಲುವುದಿಲ್ಲ, ಹೋಲಿಕೆಯೇ ತಪ್ಪಿಹೋಗುತ್ತದೆ. ಕೇಳಿಕೊಂಡ ಸಂಜೆಯೇ ಮೂಲ ದತ್ತಾಂಶದಿಂದ ಓಸೆಮ್ ಚಿತ್ರವನ್ನೂ ತೆಗೆದುಕೊಟ್ಟರು. ಗ್ರಂಥಿಯ ಮೌಲ್ಯ ಯಕೃತ್ತಿನದಕ್ಕಿಂತ ಕಡಿಮೆಯೇ ಇತ್ತು, ಅಂಕ 3 ಆಯಿತು. ಚಿಕಿತ್ಸೆ ಬದಲಿಸುವ ನಿರ್ಧಾರ ಇಂಥ ಒಂದು ಅಂಕದ ಮೇಲೆ ನಿಂತಿರುವಾಗ, ಮರುರಚನೆಯ ವಿಧಾನ ಮತ್ತು ಬೀಟಾ ಮೌಲ್ಯವನ್ನು ಪ್ರತಿ ವರದಿಯಲ್ಲೂ ಮುದ್ರಿಸಲೇಬೇಕು.

ಚಿತ್ರದ ಗುಣಮಟ್ಟಕ್ಕಾಗಿ ಈ ಕೇಂದ್ರವನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಆದರೆ ಮೊದಲ ಸ್ಕ್ಯಾನ್ ಬೇರೆಡೆ ಆಗಿದ್ದವರು ಅದರ ಸಿಡಿಯನ್ನು ತಪ್ಪದೆ ಒಯ್ದು, ಎರಡೂ ವಿಧಾನಗಳ ಚಿತ್ರ ಬೇಕೆಂದು ಕೌಂಟರಿನಲ್ಲಿಯೇ ಬರೆಸಬೇಕು.