ಲಿಚೆಸ್ ಕರೆಸ್ಪಾಂಡೆನ್ಸ್ ಚೆಸ್: ನಾಲ್ಕು ವರ್ಷ ಆಡಿದ ಮೇಲೆ, ಸಮಯದ ಬಗ್ಗೆ

ನಾಲ್ಕು ವರ್ಷದಿಂದ ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್‌ನಲ್ಲಿ ಕರೆಸ್ಪಾಂಡೆನ್ಸ್ ಚೆಸ್, ಅಂದರೆ ಒಂದೊಂದು ನಡೆಗೂ ದಿನಗಟ್ಟಲೆ ಸಮಯ ಇರುವ ಆಟ, ಆಡುತ್ತಿದ್ದೇನೆ. ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಓಪನಿಂಗ್ (ಆಟದ ಆರಂಭದ ನಡೆಗಳ) ಪುಸ್ತಕ ನೋಡಿಕೊಂಡು ಆಡಬಹುದು, ಎಂಜಿನ್ (ಒಳ್ಳೆಯ ನಡೆ ಲೆಕ್ಕ ಹಾಕಿ ಹೇಳುವ ಪ್ರೋಗ್ರಾಮ್) ಮಾತ್ರ ಮುಟ್ಟುವಂತಿಲ್ಲ. ಹೊಸದಾಗಿ ಸೇರುವವರು ಎಡವುವುದು ಆಟದಲ್ಲಲ್ಲ, ಸಮಯದಲ್ಲಿ.

ಒಂದು ನಡೆಗೆ 1, 2, 3, 5, 7, 10 ಅಥವಾ 14 ದಿನ ಅಂತ ಮೊದಲೇ ಆರಿಸಬೇಕು. ಬೇಗ ಆಡಿ ಉಳಿಸಿದ ಸಮಯ ಮುಂದಿನ ನಡೆಗೆ ಸೇರುವುದಿಲ್ಲ. ಇನ್ನೊಂದು ವಿಷಯ, 3 ದಿನ ಅಂದರೆ ಎದುರಾಳಿ ಆಡಿದ ಗಳಿಗೆಯಿಂದ 72 ಗಂಟೆ. ಅವರು ಬೇರೆ ದೇಶದಲ್ಲಿದ್ದು ನಮ್ಮ ರಾತ್ರಿ 3 ಗಂಟೆಗೆ ಆಡಿದರೆ ನಮ್ಮ ಗಡುವು ಮುಗಿಯುವುದೂ ರಾತ್ರಿ 3ಕ್ಕೇ, ಬೆಳಿಗ್ಗೆ ಎದ್ದು ಆಡೋಣ ಅಂತ ಮಲಗಿದರೆ ಆಟ ಹೋಯಿತು. ನಾನು ಹೀಗೆ ಎರಡು ಒಳ್ಳೆಯ ಆಟ ಕಳೆದುಕೊಂಡಿದ್ದೇನೆ. ಈಗ 5 ದಿನಕ್ಕಿಂತ ಕಡಿಮೆ ಒಪ್ಪುವುದಿಲ್ಲ.

ಇಲ್ಲಿ ರಜೆ ಅನ್ನುವುದೇ ಇಲ್ಲ. ಇನ್ನೊಂದು ವೆಬ್‌ಸೈಟ್ ಚೆಸ್.ಕಾಮ್‌ನಲ್ಲಿ ಇಂಥದೇ ಡೈಲಿ ಆಟದಲ್ಲಿ ರಜೆ ಹಾಕಿದರೆ ಗಡಿಯಾರ ನಿಲ್ಲುತ್ತದೆ. 1951ರಲ್ಲಿ ಶುರುವಾದ, ಕರೆಸ್ಪಾಂಡೆನ್ಸ್ ಚೆಸ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಎಫ್‌ನ ಹಲವು ಪಂದ್ಯಗಳಲ್ಲೂ ರಜೆ ಉಂಟು. ಮೊದಮೊದಲು ಲಿಚೆಸ್‌ನಲ್ಲಿ ರಜೆ ಇಲ್ಲದಿರುವುದು ದೊಡ್ಡ ಕೊರತೆ ಅನಿಸಿತ್ತು. ಈಗ ಹಾಗನಿಸುವುದಿಲ್ಲ, ಯಾಕೆಂದರೆ ಗಡಿಯಾರ ನಿಲ್ಲಿಸಲು ಆಗದಿದ್ದರೂ ಎದುರಾಳಿಗೆ ಸಮಯ ಕೊಡಲು ಆಗುತ್ತದೆ. ಗಡಿಯಾರದ ಪಕ್ಕ ಪ್ಲಸ್ ಗುರುತಿನ ಬಟನ್ ಇದೆ, ಒತ್ತಿದರೆ ಎದುರಾಳಿಯ ಗಡುವು ಮತ್ತೆ ಹೊಸದಾಗಿ ಶುರುವಾಗುತ್ತದೆ. ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ.

ಕಳೆದ ವರ್ಷ ಅಪ್ಪನ ಆಪರೇಷನ್ ಸಮಯದಲ್ಲಿ ನನ್ನ ಆರು ಆಟ ನಡೆಯುತ್ತಿದ್ದವು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಎಲ್ಲರಿಗೂ ಚಾಟ್‌ನಲ್ಲಿ ಒಂದು ಸಾಲು ಬರೆದೆ: ಒಂದು ವಾರ ಆಡಲು ಆಗಲಿಕ್ಕಿಲ್ಲ. ಮೂರು ಆಟ ಟೈಮ್ ಮುಗಿದು ಸೋತೆ, ಅದರಲ್ಲಿ ತಪ್ಪೇನಿಲ್ಲ, ನಿಯಮವೇ ಹಾಗೆ. ಉಳಿದ ಮೂವರು ಸಮಯ ಕೊಟ್ಟರು. ಅವರಲ್ಲಿ ಒಬ್ಬರು ಒಂದು ಕುದುರೆ ಕಳೆದುಕೊಂಡು ಸೋಲುವ ಹಾದಿಯಲ್ಲಿದ್ದವರು, ಸುಮ್ನೆ ಕೂತಿದ್ದರೆ ಗೆಲ್ಲುತ್ತಿದ್ದರು. ಎರಡೆರಡು ದಿನಕ್ಕೊಮ್ಮೆ ಬಂದು ಬಟನ್ ಒತ್ತಿ ಹೋಗಿದ್ದಾರೆ. ಆಸ್ಪತ್ರೆಯ ಕಾರಿಡಾರ್‌ನಲ್ಲಿ ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಇದಕ್ಕೆ ಪೂರಾ ಉಲ್ಟಾ ಜನವೂ ಸಿಗುತ್ತಾರೆ. ಇನ್ನೆರಡು ನಡೆಯಲ್ಲಿ ತಮಗೆ ಚೆಕ್‌ಮೇಟ್ ಅಂತ ಗೊತ್ತಾದ ಕೂಡಲೇ ಆಡುವುದನ್ನೇ ನಿಲ್ಲಿಸಿ, 14 ದಿನದ ಕೊನೆಯ ಗಂಟೆಯವರೆಗೆ ಎಳೆಯುವವರು, ಅದೇ ಹೊತ್ತಲ್ಲಿ ಬೇರೆ ಆಟ ಜೋರಾಗಿ ಆಡುತ್ತಿರುವುದು ನಮಗೆ ಕಾಣುತ್ತಲೇ ಇರುತ್ತದೆ. ನಿಯಮ ಮುರಿದಂತಲ್ಲ, ಆದರೆ ಬೇಜಾರಾಗುತ್ತದೆ ಅಲ್ವಾ? ಕಷ್ಟದ ಸ್ಥಾನದಲ್ಲಿ ಮೂರು ದಿನ ಯೋಚಿಸಿ, ಯಾರೂ ಬೇಡ ಅನ್ನುವುದಿಲ್ಲ. ಸೋತಿದ್ದೀರಿ ಅಂತ ನಿಮಗೇ ಖಾತ್ರಿ ಆದಾಗ ರಿಸೈನ್ ಮಾಡಿ, ಅಂದರೆ ಸೋಲು ಒಪ್ಪಿಕೊಳ್ಳಿ. ಹಾಗಂತ ಎದುರಾಳಿಗೆ "ಬೇಗ ಆಡಿ" ಅಂತ ಚಾಟ್‌ನಲ್ಲಿ ಒತ್ತಾಯ ಮಾಡುವುದೂ ಸರಿಯಲ್ಲ. ಒಪ್ಪಿಕೊಂಡ ದಿನ ಅವರ ಹಕ್ಕು.

ಮತ್ತೆ, ಒಮ್ಮೆಲೇ ಜಾಸ್ತಿ ಆಟ ಹಿಡಿಯಬೇಡಿ. ನನಗೆ ಆರು ಸಾಕು.

ಆ ಕುದುರೆ ಕಳೆದುಕೊಂಡವರ ಜೊತೆಗಿನ ಆಟ ನಾನು ಗೆದ್ದೆ. ಮುಗಿದ ಮೇಲೆ "ಅಪ್ಪ ಹೇಗಿದ್ದಾರೆ?" ಅಂತ ಕೇಳಿ, ಇನ್ನೊಂದು ಆಟಕ್ಕೆ ಕರೆದರು, ಈ ಸಲ ನಡೆಗೆ 7 ದಿನ. ಅದು ಇನ್ನೂ ನಡೆಯುತ್ತಿದೆ.