ಲ್ಯಾಪ್‌ಟಾಪ್ ಟೈಮ್ ಹಿಂದೆ ಬೀಳ್ತಿದೆಯಾ? ‘ಬೋರ್ಡ್ ಹೋಗಿದೆ’ ಅಂದ್ರೆ ತಕ್ಷಣ ಒಪ್ಕೋಬೇಡಿ

ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ಟೈಮ್ ತಪ್ಪು ತೋರಿಸುತ್ತಿದ್ದರೆ, ರಿಪೇರಿಗೆ ಕೊಡುವ ಮೊದಲು ಇದನ್ನೊಮ್ಮೆ ಓದಿ. ನಮ್ಮಕ್ಕನಿಗೆ ಆದದ್ದು ನಿಮಗೆ ಆಗುವುದು ಬೇಡ. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ 8,500 ಕೇಳಿದರು. ಅದೂ ಸಾಲದು ಅಂತ ಅವಳ ಫೈಲುಗಳನ್ನೆಲ್ಲ ಅಳಿಸಲು ಹೊರಟಿದ್ದರು.

ಅಕ್ಕ ಬಸವೇಶ್ವರನಗರದಲ್ಲಿ ಮನೆಯಿಂದಲೇ ಸಣ್ಣ ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತಾಳೆ. ಲ್ಯಾಪ್‌ಟಾಪ್ ಹಳೆಯದು. ದೊಡ್ಡ ಬ್ಯಾಟರಿ ಯಾವತ್ತೋ ಸತ್ತಿದೆ, ಚಾರ್ಜರ್ ಹಾಕಿಯೇ ಓಡಿಸಬೇಕು. ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ಚನ್ನೂ ಆರಿಸಿಬಿಡುತ್ತಾಳೆ. (ಕರೆಂಟ್ ಬಿಲ್ಲಿನ ವಿಷಯದಲ್ಲಿ ಅವಳು ಥೇಟ್ ನಮ್ಮಮ್ಮ.)

ಮೊದಮೊದಲು ಬೆಳಿಗ್ಗೆ ಗಡಿಯಾರ ಸ್ವಲ್ಪ ಹಿಂದೆ ಇರುತ್ತಿತ್ತು. ಇಂಟರ್ನೆಟ್ ಸಿಕ್ಕ ಮೇಲೆ ಸರಿಹೋಗುತ್ತಿತ್ತು. ಆಮೇಲೆ ಗಂಟೆಗಟ್ಟಲೆ ಹಿಂದೆ. ಕೊನೆಗೊಂದು ದಿನ ತಾರೀಖೇ ವರ್ಷಗಟ್ಟಲೆ ಹಿಂದಕ್ಕೆ ಹೋಗಿ ಕೂತಿತು. ಯಾವ ಸೈಟ್ ತೆರೆದರೂ ಕನೆಕ್ಷನ್ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ. ಅದು ವೈರಸ್ ಅಲ್ಲ. ಸೈಟುಗಳ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಲ್ಯಾಪ್‌ಟಾಪ್ ತಾರೀಖು ಆ ಅವಧಿಯ ಹೊರಗಿದ್ದರೆ ಬ್ರೌಸರ್ ಒಪ್ಪುವುದಿಲ್ಲ. ವ್ಯತ್ಯಾಸ 15 ಗಂಟೆ ದಾಟಿದರೆ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ಟೈಮ್ ತಿದ್ದುವುದೂ ಇಲ್ಲ. ನಾವೇ ತಾರೀಖು ಹಾಕಬೇಕು.

20ನೇ ತಾರೀಖು ಹತ್ತಿರ ಬಂದಿತ್ತು. ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಹಾಕುವ ಗಡಿಬಿಡಿ. ಮನೆ ಹತ್ತಿರದ ಅಂಗಡಿಗೆ ಹೋದಳು.

“ಮೇಡಂ, ಟೈಮ್ ಐಸಿ ಹೋಗಿದೆ. ಮದರ್‌ಬೋರ್ಡ್‌ದೇ ಪ್ರಾಬ್ಲಮ್. 8,500 ಆಗತ್ತೆ. ಪಾಸ್‌ವರ್ಡ್ ಬರೆದುಕೊಟ್ಟು ಬಿಟ್ಟು ಹೋಗಿ.”

ರಸೀದಿ ಇಲ್ಲ. ಒಂದು ಚೀಟಿಯಲ್ಲಿ ಫೋನ್ ನಂಬರ್ ಅಷ್ಟೆ. ಮಾರನೇ ದಿನ ಅವರದೇ ಫೋನ್. ಬೋರ್ಡ್ ಸರಿಯಾಯಿತಂತೆ, ಆದರೆ “ಹಾರ್ಡ್ ಡಿಸ್ಕ್ ಲಾಕ್ ಆಗ್ಬಿಟ್ಟಿದೆ, ಫಾರ್ಮ್ಯಾಟ್ ಮಾಡ್ಬೇಕು. ಡೇಟಾ ಬೇಕು ಅಂದ್ರೆ ರಿಕವರಿ ಚಾರ್ಜ್ ಬೇರೆ.” ಆಗ ಅಕ್ಕ ನನಗೆ ಫೋನ್ ಮಾಡಿದಳು.

ಹೋಗಿ ನೋಡಿದರೆ ನೀಲಿ ಸ್ಕ್ರೀನ್ ಮೇಲೆ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಕೇಳುತ್ತಾ ಕೂತಿದೆ. ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಅಂಗಡಿಯವರು ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡ್‌ನ ಮೂಲ ಪ್ರೋಗ್ರಾಂ) ಸೆಟ್ಟಿಂಗ್ ಅಳಿಸಿಹಾಕಿದ್ದರು. ಹಾಗೆ ಏನಾದರೂ ಬದಲಾದರೆ, ‘ಯಾರೋ ಕೈಯಾಡಿಸಿದ್ದಾರೆ’ ಅಂತ ವಿಂಡೋಸ್ 48 ಅಂಕಿಯ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ನಮಗೆ ಗೊತ್ತಿಲ್ಲದೇ ಹಾಕಿರುತ್ತದೆ. ಕೀ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಅಕ್ಕನ ಫೋನಿನಲ್ಲೇ ಖಾತೆ ತೆರೆದು, ಅಲ್ಲೇ ನಿಂತು 48 ಅಂಕಿ ಒತ್ತಿದೆ. ಎಲ್ಲ ಫೈಲೂ ಇದ್ದವು. “ಕೆಲವು ಸಲ ಹಾಗೇ ಸರಿಹೋಗತ್ತೆ ಸರ್” ಅಂದ ಪುಣ್ಯಾತ್ಮ. ಜಗಳವಾಡಿ, ಕೊನೆಗೆ ಚೆಕಿಂಗ್ ಚಾರ್ಜ್ ಅಂತ 500 ಕೊಟ್ಟು ಬಂದೆವು.

ಮನೆಗೆ ತಂದು ಹಿಂಬದಿ ಬಿಚ್ಚಿದೆ. ‘ಸರಿಮಾಡಿದ’ ಬೋರ್ಡ್ ಮೇಲೆ, ಗಡಿಯಾರ ಓಡಿಸುವ ಹಳೇ ಪುಟ್ಟ ಸೆಲ್ಲೇ ಕೂತಿದೆ! ಮೀಟರ್ ಇಟ್ಟರೆ 2 ವೋಲ್ಟೂ ಇಲ್ಲ. ಇರಬೇಕಾದದ್ದು 3.

ಬೋರ್ಡ್ ಮೇಲೆ ಒಂದು ಪುಟ್ಟ ಗಡಿಯಾರ ಸರ್ಕ್ಯೂಟ್ ಇರುತ್ತದೆ, ಸೆಕೆಂಡಿಗೆ 32,768 ಸಲ ಅದುರುವ ಹರಳು ಅದನ್ನು ನಡೆಸುತ್ತದೆ. ಲ್ಯಾಪ್‌ಟಾಪ್ ಆಫ್ ಆದಾಗಲೂ ಅದು ಓಡಬೇಕು. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ಅಥವಾ ದೊಡ್ಡ ಬ್ಯಾಟರಿಯಲ್ಲಿ ಕರೆಂಟ್ ಇದ್ದರೆ ಅಲ್ಲಿಂದ ಎಳೆದುಕೊಳ್ಳುತ್ತದೆ. ಎರಡೂ ಇಲ್ಲದಾಗ ನಾಣ್ಯದಂಥ ಸಿಆರ್2032 ಸೆಲ್ಲೇ ಗತಿ. ಅಕ್ಕನ ಮನೆಯಲ್ಲಿ ದೊಡ್ಡದು ಸತ್ತಿದೆ, ಗೋಡೆಯ ಸ್ವಿಚ್ಚೂ ಆಫ್. ಪ್ರತಿ ರಾತ್ರಿ ಪೂರ್ತಿ ಭಾರ ಆ ಸೆಲ್ ಮೇಲೆ. ಬೇಗ ಸೊರಗದೆ ಏನು ಮಾಡೀತು, ಅಲ್ವಾ?

ಹಾಗಾಗಿ ಮೊದಲು ನೋಡಬೇಕಾದದ್ದು, ಟೈಮ್ ಯಾವಾಗ ಹಿಂದೆ ಬೀಳುತ್ತಿದೆ ಅನ್ನುವುದು. ರಾತ್ರಿ ಟೈಮ್ ಸರಿಮಾಡಿ ಆಫ್ ಮಾಡಿ. ಬೆಳಿಗ್ಗೆ ವಿಂಡೋಸ್ ಬರುವ ಮೊದಲೇ ಬಯೋಸ್‌ಗೆ ಹೋಗಿ (ಎಷ್ಟೋ ಕಡೆ ಎಫ್2, ಕೆಲವದರಲ್ಲಿ ಎಫ್10 ಅಥವಾ ಡಿಲೀಟ್). ಅಲ್ಲೇ ಟೈಮ್ ಹಿಂದಿದ್ದರೆ ಮೊದಲ ಅನುಮಾನ ಸೆಲ್ ಮೇಲೆ ಇರಲಿ. ಬೋರ್ಡ್ ಮಾತು ಆಮೇಲೆ. ಬಯೋಸ್‌ನಲ್ಲಿ ಸರಿ ಇದ್ದು, ಕೆಲಸ ಮಾಡುತ್ತಿರುವಾಗ ಹಿಂದೆ ಬೀಳುತ್ತಿದ್ದರೆ ಸೆಲ್ ಬದಲಿಸಿ ಸುಮ್ನೆ ದಂಡ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ನೋಡಿ, ‘ಸಿಂಕ್ ನೌ’ ಒತ್ತಿ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದು, ಅದೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸೂ ಇದ್ದರೆ ಯಾವುದೂ ಕೆಟ್ಟಿಲ್ಲ. ಲಿನಕ್ಸ್ (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಬೋರ್ಡ್ ಗಡಿಯಾರವನ್ನು ಯುಟಿಸಿ ಅನ್ನುವ ಜಾಗತಿಕ ಟೈಮಿನಲ್ಲಿ ಇಡುತ್ತದೆ, ವಿಂಡೋಸ್ ನಮ್ಮೂರ ಟೈಮಿನಲ್ಲಿ. ಇನ್ನು ದಿನಕ್ಕೆ ಒಂದೆರಡು ಸೆಕೆಂಡ್ ಆಚೀಚೆ ಆಗುವುದು ಮಾಮೂಲು, ತಲೆ ಕೆಡಿಸಿಕೊಳ್ಳಬೇಡಿ.

ಅಕ್ಕನ ಲ್ಯಾಪ್‌ಟಾಪ್‌ಗೆ ಬೇಕಿದ್ದದ್ದು ಎರಡು ವೈರ್ ಮತ್ತು ಪುಟ್ಟ ಕನೆಕ್ಟರ್ ಇರುವ ಸೆಲ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡ್‌ನಲ್ಲಿ 180ಕ್ಕೆ ಸಿಕ್ಕಿತು. ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಕನೆಕ್ಟರ್ ಅಳತೆಯೂ ವೈರ್‌ಗಳ ಜಾಗವೂ ಒಂದೇ ಇರಬೇಕು. ಬಿಚ್ಚುವ ಮುಂಚೆ ಚಾರ್ಜರ್ ತೆಗೆಯಿರಿ, ಬಿಚ್ಚಿದ ಮೇಲೆ ಮೊದಲು ದೊಡ್ಡ ಬ್ಯಾಟರಿಯ ಕನೆಕ್ಟರ್ ಕಳಚಿ. ಇದೆಲ್ಲಕ್ಕೂ ಮೊದಲು ಆ 48 ಅಂಕಿಯ ಬಿಟ್‌ಲಾಕರ್ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೆಲವು ಹೊಸ ಮಾಡೆಲ್‌ಗಳಲ್ಲಿ ಈ ಸೆಲ್ಲೇ ಇರುವುದಿಲ್ಲ, ಗಡಿಯಾರ ದೊಡ್ಡ ಬ್ಯಾಟರಿಯಿಂದಲೇ ಓಡುತ್ತದೆ. ಅಂಥದ್ದನ್ನು ಸುಮ್ನೆ ಬಿಚ್ಚಬೇಡಿ.

ನೀವೇ ಬಿಚ್ಚಲು ಧೈರ್ಯವಿಲ್ಲದಿದ್ದರೆ ಎದುರಿಗೇ ಕೆಲಸ ಮಾಡಿಕೊಡುವ ಅಂಗಡಿ ಹುಡುಕಿ. ಸೆಲ್ ಬದಲಿಸಲು ಪಾಸ್‌ವರ್ಡ್ ಬೇಕಿಲ್ಲ, ಕೇಳಿದರೆ ಕೊಡಬೇಡಿ. ತೆಗೆದ ಸೆಲ್ ವಾಪಸ್ ಕೇಳಿ. ಬಿಲ್ ಕೇಳಿ. ಮೋಸ ಆಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಮ್ಮ ಹತ್ತಿರ ಬಿಲ್ ಇರಲಿಲ್ಲ, ಆದರೆ ಆ 500 ಯುಪಿಐನಲ್ಲಿ ಹೋಗಿದ್ದರಿಂದ ಅದಕ್ಕೊಂದು ದಾಖಲೆಯಾದರೂ ಇದೆ. ದೂರು ಕೊಟ್ಟಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.